ಸುಬ್ಬಿಗೊಂದು ಗೌರ್ಮೆಂಟ್ ಕೆಲಸ

ನಮ್ಮದು ನಾಲ್ಕು ತಾಲ್ಲೂಕಿನ ಸಂಸಾರ. ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಮಗ್ಗುಲ ಹಳ್ಳಿಯಲ್ಲಿ. ಅಮ್ಮನ ತವರು ಕೆ.ಆರ್. ಪೇಟೆ ಕಡೆ, ಅಕ್ಕನನ್ನು ಕೊಟ್ಟಿದ್ದು ಪಾಂಡವಪುರಕ್ಕೆ, ನಾನು ಹೆಣ್ಣು ತಂದದ್ದು ನಾಗಮಂಗಲದಿಂದ. ಈ ನಾಲ್ಕೂ ಕಡೆಯವರು ಒಂದು ಪಂಕ್ತಿಯಲ್ಲಿ ಕೂತರೆ ಉಪ್ಸಾರಿಗೆ ಯಾವ ಸೊಪ್ಪು ಎನ್ನುವುದರಿಂದ ಹಿಡಿದು ನಾಲೆ ನೀರು ಮೊದಲು ಯಾರ ಗದ್ದೆಗೆ ಎನ್ನುವವರೆಗೆ ಯಾವುದಕ್ಕೂ ಒಮ್ಮತವಿಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಮನೆಯ ಕೂಳು ತಿನ್ನುವ ಜೀವ ಯಾವುದೇ ಆಗಲಿ, ಅದಕ್ಕೊಂದು ಕ್ಯಾಮೆ ಇರಬೇಕು. ಎತ್ತು ಉಳಬೇಕು, ಎಮ್ಮೆ ಹಾಲು ಕೊಡಬೇಕು, ನಾಯಿ ಬೊಗಳಬೇಕು, ಹುಂಜ ಹೊತ್ತಿಗೆ ಸರಿಯಾಗಿ ಕೂಗಬೇಕು. ಕೂಗುವುದನ್ನು ತಡ ಮಾಡಿದ ಹುಂಜ ಮುಂದಿನ ಭಾನುವಾರ ಬೇರೆ ರೀತಿಯಲ್ಲಿ ಕ್ಯಾಮೆಗೆ ಬರುತ್ತದೆ.

ಈ ಸಿದ್ಧಾಂತವನ್ನು ಹುರಿಗಡಲೆ, ಸಾರಿನಪುಡಿ, ರಾಗಿಹಿಟ್ಟಿನ ಜೊತೆಗೆ ಸೂಟ್‌ಕೇಸಿಗೆ ತುಂಬಿಕೊಂಡು ಅಮ್ಮ ಆರು ತಿಂಗಳ ವೀಸಾದ ಮೇಲೆ ಲಂಡನ್ನಿಗೆ ಬಂದಳು. ಹೀಥ್ರೋದಿಂದ ಮನೆಗೆ ಕರೆತಂದು ಬಾಗಿಲು ತೆಗೆದರೆ ಎದುರಿಗೇ ಸೋಫಾದ ಮೇಲೆ ನಮ್ಮ ಬೆಕ್ಕು ಸುಬ್ಬಿ. ಮಧ್ಯಾಹ್ನ ಮೂರು ಗಂಟೆ. ಹೊಟ್ಟೆ ಮೇಲೆ ಮಾಡಿಕೊಂಡು, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚೆಲ್ಲಿಕೊಂಡು ಗೊರಕೆ ಹೊಡೆಯುತ್ತಿದ್ದಳು.

"ಇದ್ರ ಕ್ಯಾಮೆ ಏನ್ಲಾ?" ಎಂದಳು ಅಮ್ಮ, ಚಪ್ಪಲಿ ಬಿಡುವುದಕ್ಕೂ ಮೊದಲು.

"ಕ್ಯಾಮೆ ಅಂತ ಏನಿಲ್ಲಮ್ಮ. ಮನೇಲಿದ್ರೆ ಒಂದು ಕಳೆ."

"ಕಳೆ ಇದ್ರೆ ಕೀಳ್ತಾರೆ ಕಣ್ಲಾ, ಸಾಕಲ್ಲ. ಇಲಿ ಐತಾ?"

"ಇಲ್ಲ."

"ಹೆಗ್ಗಣ?"

"ಇಲ್ಲ."

"ಮತ್ತೆ?" ಎಂದವಳು ಅಡುಗೆಮನೆಗೆ ಹೋಗಿ, ನಮ್ಮ ಅಕ್ಕಿಬೇಳೆಗಿಂತ ಹೆಚ್ಚು ಜಾಗ ಹಿಡಿದಿದ್ದ ಬೆಕ್ಕಿನ ಊಟದ ಡಬ್ಬಗಳನ್ನು ನೋಡಿದಳು. ಒಂದು ಡಬ್ಬದ ಬೆಲೆ ಕೇಳಿ, ರೂಪಾಯಿಗೆ ತಿರುಗಿಸಿ, ಅಲ್ಲೇ ನೆಲಕ್ಕೆ ಕೂತಳು. "ದಂಡಪಿಂಡ" ಎಂಬ ಒಂದೇ ಮಾತು ಹೊರಟಿತು. ನನಗೋ ಬೆಕ್ಕಿಗೋ ತಿಳಿಯಲಿಲ್ಲ.

ಸುಬ್ಬಿ ನಮ್ಮ ಮನೆ ಸೇರಿದ ಬಗೆಯನ್ನು ಅಮ್ಮನಿಗೆ ಪೂರ್ತಿಯಾಗಿ ಹೇಳುವ ಧೈರ್ಯ ನಮಗೆ ಬಂದಿಲ್ಲ. ಊರಿನಲ್ಲಿ ಬೆಕ್ಕನ್ನು ಯಾರೂ ತರುವುದಿಲ್ಲ, ಅದು ಇರುತ್ತದೆ. ಯಾರದೋ ಅಟ್ಟದಲ್ಲಿ ಮರಿ ಹಾಕಿ, ಏಳು ಮನೆ ಸುತ್ತಿಸಿ, ಏಳನೆಯದು ನಮ್ಮದಾದರೆ ನಮ್ಮ ಬೆಕ್ಕು. ಇಲ್ಲಿ ಅನಾಥ ಬೆಕ್ಕುಗಳ ಆಶ್ರಮಕ್ಕೆ ಅರ್ಜಿ ಹಾಕಬೇಕಾಯಿತು. ಅಲ್ಲಿಂದ ಒಬ್ಬ ಹೆಂಗಸು ಮನೆ ನೋಡಲು ಬಂದಳು. ಹಿತ್ತಲು ಎಷ್ಟು, ದೊಡ್ಡ ರಸ್ತೆ ಎಷ್ಟು ದೂರ, ಹಗಲಲ್ಲಿ ಎಷ್ಟು ಹೊತ್ತು ಮನೆ ಖಾಲಿ ಇರುತ್ತದೆ, ಊರಿಗೆ ಹೋದರೆ ಬೆಕ್ಕಿಗೆ ದಿಕ್ಕು ಯಾರು, ನನ್ನ ಸ್ವಭಾವ ಹೇಗೆ, ಸಿಟ್ಟು ಬರುತ್ತದೆಯೇ ಎಂದೆಲ್ಲ ಬರೆದುಕೊಂಡಳು. ನಾಗಮಂಗಲದವರು ನನಗೆ ಹೆಣ್ಣು ಕೊಡುವಾಗ ಕೇಳಿದ್ದು ಸಂಬಳ ಮತ್ತು ನೀರಾವರಿ ಜಮೀನು, ಅಷ್ಟೇ. ಸ್ವಭಾವದ ಸುದ್ದಿಗೆ ಯಾರೂ ಹೋಗಿರಲಿಲ್ಲ. ಇದರ ಬಗ್ಗೆ ನನ್ನ ಹೆಂಡತಿಗೆ ತವರಿನವರ ಮೇಲೆ ಈಗಲೂ ಅಸಮಾಧಾನವಿದೆ.

ಆಶ್ರಮದಲ್ಲಿ ಅವಳ ಹೆಸರು ಡೈಸಿ. ನಮ್ಮ ಮನೆಗೆ ಬಂದ ಮೊದಲ ಸಂಜೆ ಒಂದು ಮೂಲೆಯಲ್ಲಿ ಕೂತು ನಮ್ಮ ಪರದೆ, ನಮ್ಮ ಟೀವಿ, ನಮ್ಮ ಊಟ ಎಲ್ಲವನ್ನೂ ಅವಳು ತೂಗಿ ನೋಡಿದ ರೀತಿ ಥೇಟ್ ನನ್ನ ಹೆಂಡತಿಯ ಅಜ್ಜಿ ಸುಬ್ಬಮ್ಮನವರದು. ಹಾಗಾಗಿ ಸುಬ್ಬಿ. ಅತ್ತೆಗೆ ಇದು ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದೇವೆ. ಕಾಗದಪತ್ರದಲ್ಲಿ ಮಾತ್ರ ಡೈಸಿಯೇ. ಇಲ್ಲಿ ದನದ ಡಾಕ್ಟರು, ಅಂದರೆ ಬೆಕ್ಕಿನ ಡಾಕ್ಟರು, ಸಾಕಿದವರ ಮನೆತನದ ಹೆಸರನ್ನೇ ಪ್ರಾಣಿಗೂ ಸೇರಿಸಿ ಬರೆದುಕೊಳ್ಳುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕೂತಿದ್ದಾಗ ಒಳಗಿನಿಂದ ಬಂದ ಹುಡುಗಿ ಗಟ್ಟಿಯಾಗಿ "ಡೈಸಿ ಗೌಡ" ಎಂದು ಕೂಗಿದಳು. ನಾನು ಎದ್ದು ನಿಂತೆ. ಅಕ್ಕಪಕ್ಕದ ನಾಯಿಗಳು ನನ್ನನ್ನು ನೋಡಿದವು. ಆಮೇಲೆ ಒಂದು ದಿನ ಇನ್ಶೂರೆನ್ಸಿನ ಲಕೋಟೆ ಬಂತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲ ಅಮ್ಮ ವಿಳಾಸವನ್ನು ಓದಿ, "ಬೆಕ್ಕಿಗೆ ಗೌಡಿಕೆ ಯಾರ್ಲಾ ಕೊಟ್ಟೋರು?" ಎಂದು ಕೇಳಿದಳು. ನಮ್ಮ ಮನೆತನದಲ್ಲಿ ಯಜಮಾನಿಕೆಗಾಗಿ ದಾಯಾದಿಗಳು ಮೂರು ತಲೆಮಾರು ಕೋರ್ಟಿಗೆ ಅಲೆದಿದ್ದಾರೆ. ಸುಬ್ಬಿಗೆ ಅದು ಒಂದು ಚುಚ್ಚುಮದ್ದಿನ ಜೊತೆ ಸಿಕ್ಕಿತು.

ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಬೆಕ್ಕಿಗೆ ಮೈಕ್ರೋಚಿಪ್ ಕಡ್ಡಾಯ. ಹಾಕಿಸದಿದ್ದರೆ 500 ಪೌಂಡಿನವರೆಗೆ ದಂಡ. ಅಕ್ಕಿಕಾಳಿನಷ್ಟು ಚಿಪ್ಪನ್ನು ಹೆಗಲ ಚರ್ಮದ ಕೆಳಗೆ ಇಡುತ್ತಾರೆ. ನಮ್ಮ ಆಧಾರ್‌ಗೆ 12 ಅಂಕಿಯಾದರೆ ಸುಬ್ಬಿಯ ನಂಬರಿಗೆ 15. ಹಿತ್ತಲ ಬಾಗಿಲಿನಲ್ಲಿ ಅವಳಿಗೆಂದೇ ಒಂದು ಕಿಂಡಿಬಾಗಿಲಿದೆ. ಆ ಚಿಪ್ ಓದಿದರೆ ಮಾತ್ರ ತೆರೆದುಕೊಳ್ಳುತ್ತದೆ, ಪಕ್ಕದ ಮನೆಯ ಬೆಕ್ಕು ಬಂದು ತಲೆ ಚಚ್ಚಿಕೊಂಡರೂ ಜಪ್ಪಯ್ಯ ಎನ್ನುವುದಿಲ್ಲ. ವಾಕಿಂಗ್ ಹೋಗಿ ಬೀಗದ ಕೈ ಮರೆತು ಮಳೆಯಲ್ಲಿ ನಿಂತಿದ್ದ ಅಮ್ಮನ ಕಣ್ಣೆದುರೇ ಸುಬ್ಬಿ ಕಿಂಡಿಗೆ ಮೂತಿ ಒಡ್ಡಿ, ಟಕ್ ಎನಿಸಿ ಒಳಗೆ ಹೋಗಿ, ಕಿಟಕಿಯಲ್ಲಿ ಕೂತು ಹೊರಗೆ ನೋಡಿದ ದಿನ ಇಬ್ಬರ ಸಂಬಂಧ ತುಂಬಾ ಹದಗೆಟ್ಟಿತು.

ಬೆಕ್ಕನ್ನು ಮಗು ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಮಗು ಕರೆದರೆ ಬರುತ್ತದೆ. ಸುಬ್ಬಿಯದು ನಿವೃತ್ತ ತಹಸೀಲ್ದಾರರ ಸ್ವಭಾವ: ಕರೆದಾಗ ಕಿವಿಯನ್ನು ಮಾತ್ರ ಇತ್ತ ತಿರುಗಿಸಿ ಅಹವಾಲು ಸ್ವೀಕರಿಸುತ್ತಾಳೆ, ಎದ್ದು ಬರುವುದಿಲ್ಲ. ಮುಚ್ಚಿದ ಬಾಗಿಲು ಕಂಡರೆ ಮನೆ ಹಾರಿಹೋಗುವಂತೆ ಕೂಗುತ್ತಾಳೆ. ಎದ್ದು ಹೋಗಿ ತೆರೆದರೆ ಹೊಸ್ತಿಲ ಮೇಲೆ ಕೂತು ಯೋಚಿಸುತ್ತಾಳೆ, ಒಳಗೂ ಇಲ್ಲ, ಹೊರಗೂ ಇಲ್ಲ. ಜನವರಿಯ ಗಾಳಿ ಮನೆ ತುಂಬ. "ಹೊಸ್ತಿಲ ಮೇಲೆ ಕೂರಬ್ಯಾಡ ಕಣೆ! ಹಿರಣ್ಯಕಶಿಪುಗೆ ಏನಾಯ್ತು ಗೊತ್ತಾ? ಮೇಲುಕೋಟೆ ಯೋಗಾನರಸಿಂಹ ನೋಡ್ತಾವ್ನೆ!" ಎಂದು ಅಮ್ಮ ಗದರುವಳು. ಸುಬ್ಬಿ ಸಾವಕಾಶವಾಗಿ ಒಂದು ಮುಂಗಾಲನ್ನೆತ್ತಿ ನೆಕ್ಕಿಕೊಳ್ಳುವಳು. ನನಗೆ ಆಫೀಸಿನ ಮೀಟಿಂಗ್ ಶುರುವಾದ ಕೂಡಲೇ ಲ್ಯಾಪ್‌ಟಾಪಿನ ಮೇಲೆ ನಡೆದುಬಂದು ಕ್ಯಾಮೆರಾಕ್ಕೆ ಬಾಲದ ಬುಡ ತೋರಿಸಿ ನಿಲ್ಲುತ್ತಾಳೆ. ನಾನು ಎಷ್ಟೋ ವರ್ಷ ದುಡಿದ ಆ ಕಂಪನಿಯಲ್ಲಿ ನನ್ನ ಹೆಸರು ತಪ್ಪಾಗಿ ಕರೆಯುವವರೆಲ್ಲ "ಸುಬ್ಬಿ ಹೇಗಿದ್ದಾಳೆ?" ಎಂದು ಮಾತ್ರ ಸ್ಪಷ್ಟವಾಗಿ ಕೇಳುತ್ತಾರೆ.

ಅವಳಿಗೆ ಒಂದು ದೊಡ್ಡ ಸಂಕಟ ಇರುವುದು ಗಿಣಿಗಳಿಂದ. ಪಶ್ಚಿಮ ಲಂಡನ್ನಿನ ಮರಗಳಲ್ಲಿ ನಮ್ಮೂರಿನದೇ ಹಸಿರು ಗಿಣಿ, ಅದೇ ಕೆಂಪು ಕೊಕ್ಕು, ಗಂಡಿನ ಕೊರಳಿಗೆ ಅದೇ ಪಟ್ಟಿ. ಯಾವ ಕಾಲದಲ್ಲೋ ಪಂಜರದಿಂದ ಹಾರಿಹೋದವುಗಳ ಸಂತಾನ ಈಗ ಸಾವಿರಗಟ್ಟಲೆಯಾಗಿ ಕೂತಿದೆ. ಪಕ್ಕದ ಮನೆಯವರು ನೇತುಹಾಕಿದ ಕಾಳಿನ ಬುಟ್ಟಿಗೆ ಅವು ಬಂದರೆ ಕಿಟಕಿಯ ಗಾಜಿನಾಚೆ ಸುಬ್ಬಿಯ ದವಡೆ ತಂತಾನೇ ಕಟಕಟ ಎನ್ನಲು ಶುರುವಾಗುತ್ತದೆ, ಮೀಸೆ ಮುಂದಕ್ಕೆ ಬರುತ್ತದೆ, ಬಾಲದ ತುದಿ ಮಾತ್ರ ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳುತ್ತದೆ. ಅಮ್ಮನ ಲೆಕ್ಕ ಬೇರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈ ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ, ಆದರೂ ಪಟ್ಟಣದ ದೇವಸ್ಥಾನದ ಬೀದಿಯಲ್ಲಿ ಗಿಣಿಶಾಸ್ತ್ರದವನ ಕೈಲಿ ಅಮ್ಮ ಚೀಟಿ ತೆಗೆಸಿದವಳೇ. "ಅಲ್ಲಿ ಅವಕ್ಕೆ ಭವಿಷ್ಯ ಹೇಳೋ ಕ್ಯಾಮೆನಾದ್ರೂ ಇತ್ತು. ಇಲ್ಲಿ ಸುಮ್ನೆ ತಿನ್ಕೊಂಡು ಕೂತವೆ. ಆರ್ ತಿಂಗಳಿಗೆ ವಾಪಸ್ ಹೋಗು ಅಂತ ಅವಕ್ಕ್ಯಾರೂ ಹೇಳಲ್ವಾ?" ಎಂದು ತನ್ನ ಪಾಸ್‌ಪೋರ್ಟ್ ನೆನೆದು ಕೇಳಿದಳು.

ಅಮ್ಮನ ಪಕ್ಷಕ್ಕೆ ಬಲವಾಗಿ ಊರಿನಿಂದ ವಾಟ್ಸಾಪಿನಲ್ಲಿ ಸಾಕ್ಷಿಗಳು ಬರುತ್ತಿದ್ದವು. ಕೆ.ಆರ್. ಪೇಟೆಯ ಸೋದರಮಾವ ಹಳ್ಳಿಕಾರ್ ಎತ್ತುಗಳ ಮನುಷ್ಯ. ಹೇಮಗಿರಿ ಜಾತ್ರೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದರಲ್ಲಿ ಎತ್ತಿದ ಕೈ. ವಿಡಿಯೋ ಕಾಲಿನಲ್ಲಿ ಸುಬ್ಬಿಯನ್ನು ತೋರಿಸಿದರೆ, "ಬಾಯಿ ಬಿಡ್ಸು. ಎರಡಲ್ಲಾ ನಾಲ್ಕಲ್ಲಾ? ಹಣೆ ಮೇಲೆ ಸುಳಿ ಎಲ್ಲೈತೆ ತೋರ್ಸು" ಎಂದ. ಬಾಯಿ ಬಿಡಿಸಲು ಹೋದ ನನ್ನ ಬೆರಳಿಗೆ ಬ್ಯಾಂಡೇಜ್ ಬಿತ್ತು. "ಜೋರೈತೆ. ನೇಗಿಲಿಗೆ ಆಗಲ್ಲ" ಎಂಬುದು ಮಾವನ ತೀರ್ಪು. ಜೊತೆಗೆ ಒಂದು ಮಾತು ಸೇರಿಸಿದ: 2000ದಲ್ಲಿ ಅಂಚೆ ಇಲಾಖೆಯವರು ಹಳ್ಳಿಕಾರ್ ತಳಿಯ ಮೇಲೆ ಸ್ಟಾಂಪನ್ನೇ ತಂದಿದ್ದಾರೆ, ದುಡಿದ ದನಕ್ಕೆ ಸರ್ಕಾರ ಮರ್ಯಾದೆ ಕೊಡುತ್ತದೆ. ಮಲಗಿದ ಬೆಕ್ಕಿಗೆ ಕೊಟ್ಟಿರುವುದನ್ನು ತೋರಿಸಲಿ ನೋಡೋಣ.

ಪಾಂಡವಪುರದ ಅಕ್ಕನ ಮನೆಯಲ್ಲಿ ಟೈಗರ್ ಎಂಬ ನಾಯಿ. ಕಬ್ಬಿನ ಗದ್ದೆಗೆ ಹಂದಿ ಬೀಳದಂತೆ ಕಾಯುವುದು ಅದರ ಡ್ಯೂಟಿ. ಭಾವ ಬ್ಯಾಂಕಿನಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ಒಂದಕ್ಷರ ಇಂಗ್ಲಿಷ್ ಆಡುವವರಲ್ಲ. ಟೈಗರ್ ಎದುರಿಗೆ ಮಾತ್ರ ಕಮಾನ್, ಗೋ, ಸಿಟ್ ಡೌನ್, ನೋ ನೋ, ಡೋಂಟ್ ಡೂ. ಹುಟ್ಟಿನಿಂದ ಚಿನಕುರಳಿ ದಾಟದ ನಾಯಿಗೆ ಕನ್ನಡ ಬರುವುದಿಲ್ಲ! ನಮ್ಮ ಮನೆಯಲ್ಲಿ ಇದರ ತಿರುಗುಮುರುಗು. ಅಜ್ಜಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಕನ್ನಡ ಆಡುವುದು ಸುಬ್ಬಿಯ ಜೊತೆ ಮಾತ್ರ, ಏಕೆಂದರೆ ಸುಬ್ಬಿಗೆ ಬೇರೆ ಭಾಷೆ ತಿಳಿಯುವುದಿಲ್ಲ ಎಂದು ಅವಳ ನಂಬಿಕೆ. ಅಮ್ಮ ಬಂದ ಮೇಲೆ ಆ ಕನ್ನಡಕ್ಕೆ ಒಳ್ಳೆಯ ಮೈ ಬಂತು. ಭಾನುವಾರದ ಕನ್ನಡ ತರಗತಿಯಲ್ಲಿ ನಿಮ್ಮ ಮನೆಯ ಪ್ರಾಣಿಯ ಬಗ್ಗೆ ಒಂದು ವಾಕ್ಯ ಹೇಳಿ ಎಂದರೆ, ಉಳಿದ ಮಕ್ಕಳು ನಾಯಿ ನಂಬಿಕಸ್ಥ ಪ್ರಾಣಿ ಎಂದೆಲ್ಲ ಹೇಳುತ್ತಿರುವಾಗ ಇವಳು ಎದ್ದು, "ನಮ್ ಬೆಕ್ಕು ಉಂಡಾಡಿ ದಂಡಪಿಂಡ, ಎಲ್ಲಾಳಾಗೋಯ್ತೋ ಗೊತ್ತಿಲ್ಲ" ಎಂದಳಂತೆ. ಉಚ್ಚಾರಣೆಗೆ ಪೂರ್ತಿ ಅಂಕ ಸಿಕ್ಕಿತು. ಟೀಚರು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು.

ಹಂದಿಯ ಮೇಲೆ ಬೀಳುವ ನಾಯಿ ಮಂಡ್ಯ ಜಿಲ್ಲೆಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದ್ದರು, ಕ್ರಿ.ಶ. 949–50ರಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾದಾಗ ಗಂಗರ ಬೂತುಗ ಕೃಷ್ಣನ ಕಡೆ ಕಾದಿದ. ಬೂತುಗನ ಕಡೆಯ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದರೆ, ಆ ಪುಣ್ಯಾತ್ಮ ಕಾಳಿ ಎಂಬ ನಾಯಿಯನ್ನು ಕೇಳಿದ. ನಮ್ಮ ಕಡೆಯವನೊಬ್ಬ ಜಮೀನು ಬಿಟ್ಟು ಇನ್ನೊಂದನ್ನು ಕೇಳಿದ ದಾಖಲೆ ಇದೊಂದೇ ಇರಬೇಕು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು, ಕಲ್ಲಿನ ಪೂಜೆಗೆ ಭೂಮಿ. ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದು ಷರತ್ತು ಬೇರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಈ ಕಥೆ ಹೇಳಿ ಅಮ್ಮನ ಮನಸ್ಸು ಕರಗಿಸೋಣ ಎಂದುಕೊಂಡಿದ್ದೆ. ಅವಳು ಗಮನವಿಟ್ಟು ಕೇಳಿ, "ನೋಡ್ದಾ, ಡ್ಯೂಟಿ ಮೇಲೆ ಸತ್ತಿರೋದು. ಅನುಕಂಪದ ಮೇಲೆ ಮರಿಗೇನಾದ್ರೂ ಕೆಲಸ ಕೊಟ್ರಾ?" ಎಂದಳು.

ಇನ್ನು ನಾಗಮಂಗಲದ ಕಥೆ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಅತ್ತೆ ಬಂದಿದ್ದರು. ಊರಿನಲ್ಲಿ ಅವರ ಹಸು ಗೌರಿ. ಗೌರಿಗೆ ಅತ್ತೆಯ ಕೈ, ಅತ್ತೆಯ ಸೀರೆ, ಅತ್ತೆಯ ಬೈಗುಳ ಇಲ್ಲದಿದ್ದರೆ ಸೊರೆ ಬಿಡುವ ಅಭ್ಯಾಸವಿಲ್ಲ. ಮಾವ ಕೂತರೆ ಒದೆ. ಬೂಸಾ ಇಟ್ಟರು, ಬೆಲ್ಲ ಇಟ್ಟರು, ಆದಿಚುಂಚನಗಿರಿಯ ಕಾಲಭೈರವನಿಗೆ ಹರಕೆ ಕಟ್ಟಿಕೊಂಡು ಬೀದಿನಾಯಿಗಳಿಗೆಲ್ಲ ರೊಟ್ಟಿ ಹಾಕಿದರು. ನಾಯಿ ಭೈರವನ ವಾಹನವಾದ್ದರಿಂದ ಶಿಫಾರಸು ನಡೆಯಬಹುದೆಂಬ ಆಸೆ. ಗೌರಿ ಮಣಿಯಲಿಲ್ಲ. ಕೊನೆಗೆ ಫೋನು ಬಂತು. ಊರಿನಲ್ಲಿ ಹಾಲು ಕರೆಯುವ ಬೆಳಗಿನ ಐದೂವರೆ ಎಂದರೆ ಚಳಿಗಾಲದ ಲಂಡನ್ನಿನಲ್ಲಿ ಸರಿಯಾಗಿ ನಡುರಾತ್ರಿ ಹನ್ನೆರಡು. ಬಾಣಂತಿ ಒಂದು ಕೋಣೆ, ಕೂಸು ಒಂದು ತೊಟ್ಟಿಲು, ಅತ್ತೆ ಅಡುಗೆಮನೆಯಲ್ಲಿ ಶಾಲು ಹೊದ್ದು ಫೋನಿಗೆ ಬಾಯಿಟ್ಟು, "ಬಾರವ್ವ ಗೌರೀ, ಬುಡವ್ವ ನನ್ನವ್ವ, ನಿನ್ ಮಕಾ ಮುಚ್ಚ, ಡೈರಿ ಹೊತ್ತಾಯ್ತು" ಎಂದು ರಾಗವಾಗಿ ಹೇಳುವರು. ಅಲ್ಲಿ ಮಾವ ಅತ್ತೆಯ ಹಳೇ ಹತ್ತಿ ಸೀರೆ ಸುತ್ತಿ, ತಲೆ ಮೇಲೆ ಸೆರಗು ಹೊದ್ದು, ಸ್ಪೀಕರ್ ಹಾಕಿದ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುವರು. ಗೌರಿ ಒಂದು ಸಲ ಹಿಂದಿರುಗಿ ಮೂಸಿ ನೋಡಿ, ಎಲ್ಲವೂ ನಿಯಮದಂತೆ ಇದೆಯೆಂದು ಖಾತ್ರಿಯಾದ ಮೇಲೆ ಹಾಲಿಳಿಸುತ್ತಿತ್ತು. ಕೊಟ್ಟಿಗೆಯ ಮಬ್ಬುಗತ್ತಲಲ್ಲಿ ಪಕ್ಕದ ಮನೆಯವಳು ಇಣುಕಿ, "ಯಾವಾಗ್ ಬಂದ್ಯಕ್ಕ ಲಂಡನ್ನಿಂದ? ಸೊರಗಿದ್ದೀಯ!" ಎಂದಳಂತೆ. ಮಾವ ಉತ್ತರಿಸಲಿಲ್ಲ. ಮೀಸೆಯವರೆಗೂ ಸೆರಗು ಎಳೆದುಕೊಂಡರು.

"ನೋಡು, ಆ ಹಸುಗೆ ಪಟ್ಟಿದ್ದು ಸಾರ್ಥಕ. ಲೀಟರ್ ಲೆಕ್ಕದಲ್ಲಿ ವಾಪಸ್ ಬತ್ತದೆ" ಎನ್ನುವುದು ಇದರ ಮೇಲೆ ಅಮ್ಮನ ಟಿಪ್ಪಣಿ. ಬೆಕ್ಕಿಗೆ ಹಾಲನ್ನೂ ಹಾಕುವಂತಿಲ್ಲ, ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಅರಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾವು ತಿಳಿಸಿದಾಗ, ತೆನಾಲಿ ರಾಮಕೃಷ್ಣನ ಬೆಕ್ಕಿಗೆ ಇದನ್ನು ಹೇಳಿಕೊಟ್ಟಿದ್ದು ಅದೇ ಡಾಕ್ಟರೇ ಇರಬೇಕು ಎಂದಳು.

ಲಂಡನ್ ತೋರಿಸಲು ಕರೆದುಕೊಂಡು ಹೋದಾಗ ಮೊದಲು ಹೋದದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ. ಟಿಪ್ಪುವಿನ ಮರದ ಹುಲಿ ಇರುವುದು ಅಲ್ಲೇ. ಒಬ್ಬ ಬಿಳಿಯನ ಮೇಲೆ ಹುಲಿ ಬಿದ್ದಿದೆ, ಹೊಟ್ಟೆಯೊಳಗೆ ವಾದ್ಯ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟಿ ಮನುಷ್ಯ ನರಳುವಂಥ ಯಂತ್ರ. "ನಮ್ ಪಟ್ಟಣದ್ದು!" ಎಂದು ಅಮ್ಮ ಗಾಜಿಗೆ ಕೈ ಮುಗಿದಳು. ಅರಮನೆಯಲ್ಲಿದ್ದ ನಿಜವಾದ ಹುಲಿಗಳ ಕಥೆ ಇಷ್ಟು ಸುಖದ್ದಲ್ಲ. 1799ರಲ್ಲಿ ಟಿಪ್ಪು ಸತ್ತು ಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಇವಕ್ಕೆ ಆಹಾರವೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ, ಯಾರಾದರೂ ಒಯ್ಯದಿದ್ದರೆ ಗುಂಡಿಕ್ಕಿಸಬೇಕಾಗುತ್ತದೆ ಎಂದು ಕಾಗದ ಬರೆದ. ಒಡೆಯ ಹೋದರೆ ಖಾಸಗಿ ನೌಕರಿಯ ಗತಿ ಅಷ್ಟೇ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ನಮ್ಮ ಆಫೀಸಿನಲ್ಲೂ ಆ ತಿಂಗಳು ಜನ ಕಡಿಮೆ ಮಾಡುವ ಮಾತು ಹಬ್ಬಿತ್ತು.

ಅಲ್ಲಿಂದ ಡೌನಿಂಗ್ ಸ್ಟ್ರೀಟಿನ ಕಬ್ಬಿಣದ ಗೇಟಿನ ಮುಂದೆ ನಿಂತಾಗ ಲ್ಯಾರಿಯ ವಿಷಯ ಬಂತು. ಲ್ಯಾರಿ ಎಂಬ ಬೆಕ್ಕು 2011ರ ಫೆಬ್ರವರಿಯಲ್ಲಿ ಬ್ಯಾಟರ್ಸೀಯ ಪ್ರಾಣಿ ಆಶ್ರಮದಿಂದ ಪ್ರಧಾನಿಯ ಮನೆಗೆ ಬಂತು. ಹುದ್ದೆ, ಸಂಪುಟ ಕಚೇರಿಯ ಮುಖ್ಯ ಇಲಿ ಹಿಡಿಯುವವನು. ಕ್ಯಾಮೆರಾನ್, ಥೆರೇಸಾ ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್ ಎಂದು ಆರು ಪ್ರಧಾನಿಗಳನ್ನು ಕಂಡಿದೆ. ಲಿಜ್ ಟ್ರಸ್ 49 ದಿನಕ್ಕೆ ಗಂಟುಮೂಟೆ ಕಟ್ಟಿದರೂ ಲ್ಯಾರಿ ಕಿಟಕಿ ಬಿಟ್ಟು ಏಳಲಿಲ್ಲ.

ಅಮ್ಮನ ಕಣ್ಣು ಅಗಲವಾಯಿತು. "ಗೌರ್ಮೆಂಟ್ ಕೆಲಸ?"

"ಹೂಂನಮ್ಮ."

"ಟ್ರಾನ್ಸ್‌ಫರ್?"

"ಇಲ್ಲ."

"ಕ್ವಾಟ್ರಸ್ಸು?"

"ಪ್ರಧಾನಿ ಮನೇಲೇ."

"ಇಲಿ ಹಿಡೀತದಾ?"

ನಿಜ ಹೇಳಬೇಕಾಯಿತು. ಇಲಿಗಳ ಸಮಸ್ಯೆಗೆ ಲ್ಯಾರಿಯ ಪರಿಹಾರ ಇನ್ನೂ ಯೋಜನೆಯ ಹಂತದಲ್ಲಿದೆ ಎಂದು ಸರ್ಕಾರದ ವೆಬ್‌ಸೈಟೇ ಬರೆದುಕೊಂಡಿದೆ. ಹಳೆಯ ಪೀಠೋಪಕರಣಗಳು ನಿದ್ದೆಗೆ ಯೋಗ್ಯವೇ ಎಂದು ಪರೀಕ್ಷಿಸುವುದೂ ಅದರ ಕರ್ತವ್ಯಗಳಲ್ಲಿ ಸೇರಿದೆ. ಅಮ್ಮ ಬೇಸರಪಡುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಭಕ್ತಿಯೇ ಮೂಡಿತು. "ಹಂಗಾದ್ರೆ ಪರ್ಮನೆಂಟ್ ಪೋಸ್ಟೇ ಕಣ್ಲಾ ಅದು" ಎಂದಳು.

ಅದಾದ ವಾರದಲ್ಲೇ ಒಂದು ರಾತ್ರಿ ಕಿಂಡಿಬಾಗಿಲು ಟಕ್ ಎಂದಿತು. ಸುಬ್ಬಿ ಒಳಗೆ ಬಂದಳು, ಬಾಯಿಯಲ್ಲಿ ಒಂದು ಇಲಿ. ಹಾಲ್‌ನ ನಡುವೆ ನಿಂತು, ಎಲ್ಲರೂ ನೋಡುತ್ತಿರುವುದನ್ನು ಖಚಿತಪಡಿಸಿಕೊಂಡು, ಬಾಯಿ ತೆರೆದು ಅದನ್ನು ನೆಲಕ್ಕೆ ಬಿಟ್ಟಳು. ಇಲಿಗೆ ಜೀವ ಇತ್ತು. ಅದು ಟೀವಿ ಸ್ಟ್ಯಾಂಡಿನ ಕೆಳಗೆ ನುಗ್ಗಿತು. ಹೆಂಡತಿ ಸೋಫಾ ಹತ್ತಿದಳು. ಮಗಳು ಇಲಿಯ ಪ್ರಾಣ ಉಳಿಸಬೇಕೆಂದು ಅಳತೊಡಗಿದಳು. ನಾನು ಮೊಬೈಲಿನಲ್ಲಿ ಇಲಿ ಹಿಡಿಯುವ ವಿಧಾನ ಹುಡುಕುತ್ತಿದ್ದೆ. ಸುಬ್ಬಿ ಮಾತ್ರ ಬಾಲವನ್ನು ಕಾಲಿಗೆ ಸುತ್ತಿಕೊಂಡು ಕೂತು, ಸ್ಟ್ಯಾಂಡಿನ ಕಡೆ ಒಂದು ಸಲ, ನಮ್ಮ ಕಡೆ ಒಂದು ಸಲ ನೋಡುತ್ತಿದ್ದಳು. ಈಗ ನಿಮಗೆ ಇಲಿಯ ಸಮಸ್ಯೆ ಇದೆ ತಾನೆ, ಎಂದು ಕೇಳಿದ ಹಾಗೆ.

ಪೊರಕೆ ಹಿಡಿದು ಬಂದ ಅಮ್ಮ ಪರಿಸ್ಥಿತಿ ಅರ್ಥ ಮಾಡಿಕೊಳ್ಳಲು ಒಂದು ಗಳಿಗೆ ತೆಗೆದುಕೊಂಡಳು. "ಅಯ್ ಚಿನಾಲಿ! ಇಲ್ದಿರೋ ಇಲೀನ ಆಚೆಯಿಂದ ತಂದು ಒಳಗ್ ಬಿಟ್ಟವಳಲ್ಲಾ! ಕ್ಯಾಮೆ ಇಲ್ಲ ಅಂದಿದ್ಕೆ ಕ್ಯಾಮೆ ಹುಟ್ಟಿಸ್ಕೊಂಡವಳೆ!"

ನಮ್ಮ ಆಫೀಸಿನಲ್ಲಿ ಇದೇ ಕೆಲಸಕ್ಕೆ ಹೊರಗಿನಿಂದ ಕನ್ಸಲ್ಟೆಂಟುಗಳನ್ನು ಕರೆಸಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ ಎಂದು ಅಮ್ಮನಿಗೆ ವಿವರಿಸಿದೆ. ಅವಳಿಗೆ ಒಪ್ಪಿಗೆಯಾಯಿತು. ಪೊರಕೆಯ ಹಿಡಿಯನ್ನು ಸ್ಟ್ಯಾಂಡಿನ ಒಂದು ಮಗ್ಗುಲಿಂದ ತೂರಿಸಿದಳು. ಸುಬ್ಬಿ ಹೇಳಿಸಿಕೊಳ್ಳದೆ ಇನ್ನೊಂದು ಮಗ್ಗುಲಿಗೆ ಹೋಗಿ ಹೊಟ್ಟೆ ನೆಲಕ್ಕೊತ್ತಿ ಕಾದಳು. ಮುಂದಿನದನ್ನು ಮಗಳು ನೋಡದಂತೆ ನಾನು ಅವಳ ಕಣ್ಣು ಮುಚ್ಚಿದೆ. ನನ್ನ ಕಣ್ಣನ್ನೂ ಮುಚ್ಚಿಕೊಂಡಿದ್ದೆನೆಂದು ಹೆಂಡತಿ ಈಗಲೂ ಹೇಳುತ್ತಾಳೆ. ಆ ರಾತ್ರಿ ಅಮ್ಮ ತನ್ನ ತಟ್ಟೆಯಿಂದ ಮೀನಿನ ತುಂಡೊಂದರ ಮುಳ್ಳು ಬಿಡಿಸಿ, ಖಾರ ತೊಳೆದು, ಸೋಫಾದ ಹತ್ತಿರ ಇಟ್ಟಳು. "ಕೂಲಿ" ಎಂದಳು, ಯಾರೂ ಕೇಳದಿದ್ದರೂ.

ವೀಸಾ ಮುಗಿದು ಊರಿಗೆ ಹೋದ ಮೇಲೂ ಫೋನ್ ಬರುತ್ತಲೇ ಇದೆ. ನಾನು ಊಟ ಮಾಡಿದೆನಾ ಎಂದು ಮೊದಲು ಕೇಳುತ್ತಿದ್ದವಳು ಈಗ ನೇರವಾಗಿ ಲ್ಯಾರಿಯ ಆರೋಗ್ಯ ವಿಚಾರಿಸುತ್ತಾಳೆ. ಅದಕ್ಕೆ ವಯಸ್ಸಾಗಿದೆ ಎಂದು ನಾನು ಯಾವತ್ತೋ ಬಾಯಿಬಿಟ್ಟಿದ್ದೆ. ಮೊನ್ನೆ ದನಿ ತಗ್ಗಿಸಿ ಹೇಳಿದಳು: "ಮಗಾ, ಆ ಪೋಸ್ಟ್ ಖಾಲಿ ಆದ್ರೆ ನಮ್ ಸುಬ್ಬಿದೊಂದು ಅರ್ಜಿ ಹಾಕು. ಡೈಸಿ ಅಂತ್ಲೇ ಹಾಕು, ರೆಕಾರ್ಡ್‌ನಲ್ಲಿ ಹಂಗೇ ಐತಲ್ಲ. ನಾಡಿದ್ದು ಎಮ್ಮೆಲ್ಲೆ ನಮ್ಮೂರ್ ರಸ್ತೆ ಪೂಜೆಗೆ ಬತ್ತಾರೆ. ಒಂದು ಲೆಟರ್ ಹಾಕಿಸ್ಲಾ?"